‘ಅನುಮತಿಸಿ’ ಗುಂಡಿಯ ಹಿಂದಿನ ಬೀಟಾ ದಿನಗಳು

2008 ಮುಗಿದು 2009 ಕಾಲಿಡುವ ಹೊತ್ತಿಗೆ ಟ್ವಿಪ್ಲೈ ಎಂಬ ಪುಟ್ಟ ಜಾಲತಾಣವೊಂದು ಹುಟ್ಟಿಕೊಂಡಿತು. ಟ್ವಿಟರ್‌ನಲ್ಲಿ ಯಾರಾದರೂ ನಿಮ್ಮ ಹೆಸರೆತ್ತಿ ಬರೆದರೆ ಅದನ್ನು ನಿಮ್ಮ ಇಮೇಲ್‌ಗೆ ತಂದು ಮುಟ್ಟಿಸುವುದಷ್ಟೇ ಅದರ ಕೆಲಸ. ಅದಕ್ಕಾಗಿ ಅದು ಕೇಳುತ್ತಿದ್ದದ್ದು ನಿಮ್ಮ ಟ್ವಿಟರ್ ಹೆಸರು ಮತ್ತು ಪಾಸ್‌ವರ್ಡ್. ನೂರಾರು ಜನ ಎರಡನ್ನೂ ಬರೆದುಕೊಟ್ಟರು. ಶುರುವಾದ ಬೆನ್ನಲ್ಲೇ ಅದರ ಒಡೆಯರು ತಾಣವನ್ನು ಹರಾಜಿಗಿಟ್ಟರು; 1,200 ಡಾಲರ್‌ಗೆ ಅದು ಬೇರೆಯವರ ಪಾಲಾಯಿತು. ತಾಣದ ಜೊತೆ ನಮ್ಮ ಪಾಸ್‌ವರ್ಡ್‌ಗಳೂ ಮಾರಾಟವಾದವೇ ಎಂದು ಜನ ಗಾಬರಿಯಿಂದ ಕೇಳತೊಡಗಿದರು.

ಪಾಸ್‌ವರ್ಡ್ ಕೊಟ್ಟವರನ್ನು ದಡ್ಡರೆನ್ನುವಂತಿಲ್ಲ. ಬೇರೆ ದಾರಿಯೇ ಇರಲಿಲ್ಲ. ಟ್ವಿಟರ್ ತನ್ನ ಎಪಿಐಯನ್ನು, ಅಂದರೆ ಹೊರಗಿನ ಪ್ರೋಗ್ರಾಂಗಳು ತನ್ನೊಡನೆ ಮಾತಾಡುವ ವ್ಯವಸ್ಥೆಯನ್ನು, ಎಲ್ಲರಿಗೂ ತೆರೆದಿಟ್ಟಿತ್ತು. ಕಂಪ್ಯೂಟರಿಗೆ, ಫೋನಿಗೆ, ಫೋಟೊ ಹಂಚುವುದಕ್ಕೆ, ಬ್ಲಾಗ್ ಬರಹವನ್ನು ತಾನಾಗಿ ಟ್ವೀಟ್ ಮಾಡುವುದಕ್ಕೆ ಎಂದು ನೂರೆಂಟು ಆ್ಯಪ್‌ಗಳು ಎದ್ದು ನಿಂತಿದ್ದವು. ಅವೆಲ್ಲವೂ ‘ಬೇಸಿಕ್ ಅಥೆಂಟಿಕೇಶನ್’ ಎಂಬ ಹಳೆಯ ಪದ್ಧತಿಯಲ್ಲಿ, ಪ್ರತಿ ಕೋರಿಕೆಯ ಜೊತೆಗೂ ಬಳಕೆದಾರರ ಪಾಸ್‌ವರ್ಡನ್ನೇ ಕಳಿಸಬೇಕಿತ್ತು. ಹತ್ತು ಆ್ಯಪ್ ಬಳಸುವವರ ಪಾಸ್‌ವರ್ಡ್ ಹತ್ತು ಅಪರಿಚಿತರ ಸರ್ವರ್‌ಗಳಲ್ಲಿ ಕುಳಿತಿರುತ್ತಿತ್ತು. ಒಂದು ಆ್ಯಪ್ ಬೇಡವೆನಿಸಿದರೆ ಪಾಸ್‌ವರ್ಡ್ ಬದಲಿಸಬೇಕು. ಬದಲಿಸಿದರೆ ಉಳಿದ ಒಂಬತ್ತೂ ಕೆಲಸ ನಿಲ್ಲಿಸುತ್ತವೆ.

ಈ ಅವಸ್ಥೆಗೆ ಪರಿಹಾರವಾಗಿ ಬಂದದ್ದು ಓಆತ್. ಇವತ್ತು ‘ಗೂಗಲ್ ಮೂಲಕ ಲಾಗಿನ್ ಆಗಿ’ ಎಂಬ ಗುಂಡಿ ಒತ್ತುವಾಗ, ಡಿಜಿಲಾಕರ್‌ನ ಕಾಗದಪತ್ರ ನೋಡಲು ಇನ್ನೊಂದು ಸಂಸ್ಥೆಗೆ ಒಪ್ಪಿಗೆ ಕೊಡುವಾಗ ತೆರೆಮರೆಯಲ್ಲಿ ದುಡಿಯುವುದು ಅದೇ ವಂಶದ ತಂತ್ರ. ನಾವೆಲ್ಲ ಅದನ್ನು ಎಷ್ಟು ಸಲೀಸಾಗಿ ಒತ್ತುತ್ತೇವೆಂದರೆ, ಆ ಗುಂಡಿಯನ್ನು ಮೊದಲು ಯಾರ ಕೈಗೆ ಕೊಟ್ಟು ಪರೀಕ್ಷಿಸಿದರು, ಆ ಪರೀಕ್ಷೆಯಲ್ಲಿ ಏನೇನು ಮುರಿದುಬಿತ್ತು ಎಂಬುದು ನೆನಪಿಗೇ ಬರುವುದಿಲ್ಲ. 2009ರ ವಸಂತದಲ್ಲಿ ಟ್ವಿಟರ್ ನಡೆಸಿದ ಬೀಟಾ ಪರೀಕ್ಷೆ ಅದಕ್ಕೆ ಒಳ್ಳೆಯ ಉದಾಹರಣೆ. ಅದು ಅಚ್ಚುಕಟ್ಟಾಗಿ ನಡೆಯಲಿಲ್ಲ. ಅದರಿಂದಲೇ ಅದು ಉಪಯುಕ್ತ.

ಮೊದಲು ಓಆತ್ ಏನು ಮಾಡುತ್ತದೆಂದು ನೋಡೋಣ. ದರ್ಶಿನಿಗೆ ಹೋಗಿದ್ದೀರಿ, ಕಾಫಿ ತರಲು ಒಬ್ಬ ಹುಡುಗನನ್ನು ಕಳಿಸಬೇಕು ಎಂದುಕೊಳ್ಳಿ. ಅವನ ಕೈಗೆ ಪರ್ಸನ್ನೇ ಕೊಟ್ಟು ಕಳಿಸುವುದು ಹಳೆಯ ಪದ್ಧತಿ. ನೀವೇ ಕ್ಯಾಷ್ ಕೌಂಟರಿಗೆ ಹೋಗಿ ದುಡ್ಡು ಕೊಟ್ಟು, ಟೋಕನ್ ಮಾತ್ರ ಅವನ ಕೈಗಿಡುವುದು ಓಆತ್. ಆ ಟೋಕನ್‌ಗೆ ಕಾಫಿ ಸಿಗುತ್ತದೆ, ಮಸಾಲೆದೋಸೆ ಸಿಗುವುದಿಲ್ಲ. ಪರ್ಸಿನಲ್ಲಿ ಎಷ್ಟಿದೆ ಎಂಬುದು ಹುಡುಗನಿಗೆ ತಿಳಿಯುವುದೂ ಇಲ್ಲ. ಇಲ್ಲಿ ಹುಡುಗನೆಂದರೆ ಆ್ಯಪ್, ಕೌಂಟರ್ ಎಂದರೆ ಟ್ವಿಟರ್. ಆ್ಯಪ್ ನಿಮ್ಮನ್ನು ಟ್ವಿಟರ್‌ನ ಪುಟಕ್ಕೆ ಕಳಿಸುತ್ತದೆ, ಅಲ್ಲಿ ನೀವು ಲಾಗಿನ್ ಆಗಿ ‘ಅನುಮತಿಸಿ’ ಎನ್ನುತ್ತೀರಿ, ಟ್ವಿಟರ್ ನಿಮ್ಮನ್ನು ಆ್ಯಪ್‌ಗೆ ಮರಳಿಸಿ ಅದರ ಕೈಗೆ ಒಂದು ಟೋಕನ್ ಕೊಡುತ್ತದೆ. ಬೇಡವೆನಿಸಿದ ದಿನ ಆ ಒಂದು ಟೋಕನ್ ಮಾತ್ರ ರದ್ದು ಮಾಡಿದರಾಯಿತು.

ವಿಚಿತ್ರವೆಂದರೆ ಈ ಆಲೋಚನೆ ಮೊಳೆತದ್ದೇ ಟ್ವಿಟರ್‌ನಲ್ಲಿ. 2006ರ ನವೆಂಬರ್‌ನಲ್ಲಿ ಅಲ್ಲಿನ ಎಂಜಿನಿಯರ್ ಬ್ಲೇನ್ ಕುಕ್ ಓಪನ್‌ಐಡಿ ಎಂಬ ಲಾಗಿನ್ ಪದ್ಧತಿಯನ್ನು ಅಳವಡಿಸಲು ಹೊರಟಾಗ, ಪಾಸ್‌ವರ್ಡ್ ಇಲ್ಲದೆ ಎಪಿಐ ಬಳಸಲು ಬಿಡುವ ಸಾರ್ವತ್ರಿಕ ನಿಯಮವೇ ಇಲ್ಲವೆಂಬುದು ಕಣ್ಣಿಗೆ ಬಿತ್ತು. ಫ್ಲಿಕರ್, ಗೂಗಲ್, ಯಾಹೂ, ಎಒಎಲ್ ಎಲ್ಲವೂ ತಮ್ಮ ತಮ್ಮದೇ ಪದ್ಧತಿ ಮಾಡಿಕೊಂಡಿದ್ದವು. ಕ್ರಿಸ್ ಮೆಸ್ಸಿನಾ, ಡೇವಿಡ್ ರೆಕಾರ್ಡನ್, ಎರಾನ್ ಹ್ಯಾಮರ್ ಮೊದಲಾದವರು ಸೇರಿಕೊಂಡರು. 2007ರ ಡಿಸೆಂಬರ್‌ನಲ್ಲಿ ಓಆತ್ 1.0 ನಿಯಮಪತ್ರ ಸಿದ್ಧವಾಯಿತು. ಗೂಗಲ್ 2008ರಲ್ಲಿಯೇ ಅದನ್ನು ತನ್ನ ಎಪಿಐಗಳಿಗೆ ಜೋಡಿಸಿತು. ಟ್ವಿಟರ್ ಮಾತ್ರ ತನ್ನ ಸರ್ವರ್‌ಗಳು ಕುಸಿಯದಂತೆ ನೋಡಿಕೊಳ್ಳುವುದರಲ್ಲೇ ಆ ವರ್ಷ ಕಳೆಯಿತು. ಕುಕ್ 2008ರ ಏಪ್ರಿಲ್‌ನಲ್ಲಿ ಕಂಪನಿ ಬಿಟ್ಟರು. ಹೆತ್ತ ಮನೆಗೆ ಮಗು ಕೊನೆಗೆ ಬಂದಂತಾಯಿತು.

ಕೊನೆಗೂ ಟ್ವಿಟರನ್ನು ಓಆತ್ ಕಡೆಗೆ ತಳ್ಳಿದ್ದು 2009ರ ಜನವರಿಯ ಮೊದಲ ವಾರ. ಟ್ವಿಪ್ಲೈ ಗದ್ದಲ ಆರುವ ಮೊದಲೇ ನಕಲಿ ಲಾಗಿನ್ ಪುಟಗಳ ಹಾವಳಿ, ಅದರ ಬೆನ್ನಿಗೆ ಬರಾಕ್ ಒಬಾಮ, ಬ್ರಿಟ್ನಿ ಸ್ಪಿಯರ್ಸ್ ಸೇರಿ 33 ಖಾತೆಗಳಿಗೆ ಕನ್ನ. ಟ್ವಿಟರ್ ಆಗ ಓಆತ್‌ನ ಸೀಮಿತ ಬೀಟಾ ಸದ್ಯದಲ್ಲೇ ಬರಲಿದೆ ಎಂದು ಹೇಳಿತು. ಜೊತೆಗೇ ಇನ್ನೊಂದು ಮಾತನ್ನೂ ಸೇರಿಸಿತು: ಈಗ ನಡೆದಿರುವ ಎರಡು ದಾಳಿಗಳನ್ನು ಓಆತ್ ಇದ್ದಿದ್ದರೂ ತಡೆಯಲಾಗುತ್ತಿರಲಿಲ್ಲ. ನಕಲಿ ಪುಟ ಜನರನ್ನೇ ವಂಚಿಸಿತ್ತು; 33 ಖಾತೆಗಳಿಗೆ ಕಳ್ಳ ನುಗ್ಗಿದ್ದು ಕಂಪನಿಯ ಸಿಬ್ಬಂದಿ ಬಳಸುವ ಸಹಾಯ ಸಾಧನಗಳ ಮೂಲಕ. ಹೊಸ ಸೌಲಭ್ಯವೊಂದನ್ನು ಸರ್ವರೋಗ ನಿವಾರಕವೆಂದು ಮಾರುವ ಅವಕಾಶವಿದ್ದೂ ಹಾಗೆ ಮಾಡದಿದ್ದದ್ದು ದೊಡ್ಡ ಗುಣ. ಬೀಟಾ ಶುರುವಾಗುವ ಮುಂಚೆ ಇದು ಏನನ್ನು ಮಾಡುವುದಿಲ್ಲ ಎಂದು ಹೇಳುವವರು ಈ ಉದ್ಯಮದಲ್ಲಿ ಈಗಲೂ ಕಮ್ಮಿ.

ಫೆಬ್ರುವರಿಯಲ್ಲಿ ಆಯ್ದ ಕೆಲವು ಡೆವಲಪರ್‌ಗಳಿಗೆ, ಮಾರ್ಚ್‌ನಲ್ಲಿ ಎಲ್ಲರಿಗೂ ಬೀಟಾ ತೆರೆಯಿತು. ಡೆವಲಪರ್ ತನ್ನ ಆ್ಯಪ್‌ನ ಹೆಸರು, ವಿವರ, ಬಳಕೆದಾರ ಒಪ್ಪಿದ ಮೇಲೆ ಮರಳಬೇಕಾದ ವಿಳಾಸ, ಬರೀ ಓದಲೋ ಬರೆಯಲೂ ಬೇಕೋ ಎಂಬುದು, ಇಷ್ಟನ್ನು ನೋಂದಾಯಿಸಬೇಕು. ಬದಲಿಗೆ ಎರಡು ಉದ್ದನೆಯ ಅಕ್ಷರಮಾಲೆಗಳು ಸಿಗುತ್ತವೆ: ಒಂದು ಆ್ಯಪ್‌ನ ಗುರುತು, ಇನ್ನೊಂದು ಅದರ ಗುಟ್ಟು. ಹೇಳಲು ಸುಲಭ. ನಿದ್ದೆ ಕೆಡಿಸಿದ್ದು ‘ಸಹಿ’.

ಓಆತ್ 1.0ರಲ್ಲಿ ಆ್ಯಪ್ ಕಳಿಸುವ ಪ್ರತಿ ಕೋರಿಕೆಗೂ ಗಣಿತದ ಸಹಿ ಇರಬೇಕು. ಕೋರಿಕೆಯಲ್ಲಿರುವ ಎಲ್ಲ ಅಂಶಗಳನ್ನೂ ಅಕಾರಾದಿಯಾಗಿ ಜೋಡಿಸಿ, ವಿಶೇಷ ಚಿಹ್ನೆಗಳನ್ನು ಗೊತ್ತಾದ ರೀತಿಯಲ್ಲಿ ಸಂಕೇತಕ್ಕೆ ತಿರುಗಿಸಿ, ಒಂದೇ ಉದ್ದನೆಯ ಸಾಲು ಮಾಡಿ, ಗುಟ್ಟಿನ ಕೀಲಿಯಿಂದ ಸಹಿಯನ್ನು ಲೆಕ್ಕ ಹಾಕಬೇಕು. ಟ್ವಿಟರ್ ತನ್ನ ಕಡೆಯೂ ಅದೇ ಲೆಕ್ಕ ಮಾಡಿ ಎರಡನ್ನೂ ತಾಳೆ ನೋಡುತ್ತದೆ. ಒಂದು ಚುಕ್ಕಿ ಹೆಚ್ಚುಕಮ್ಮಿಯಾದರೂ ಉತ್ತರ ಒಂದೇ, ಸಹಿ ತಪ್ಪು. ಎಲ್ಲಿ ತಪ್ಪು ಎಂದು ಹೇಳುವುದಿಲ್ಲ. ಖಾಲಿ ಜಾಗವನ್ನು ಅಧಿಕ ಚಿಹ್ನೆಯಾಗಿ ಬರೆಯುವ ಹಳೆಯ ರೂಢಿ ಕೆಲವು ಲೈಬ್ರರಿಗಳಲ್ಲಿತ್ತು, ಓಆತ್‌ಗೆ ಅದು ಒಪ್ಪಿಗೆಯಿಲ್ಲ. ಡೆವಲಪರ್‌ನ ಕಂಪ್ಯೂಟರ್ ಗಡಿಯಾರ ಕೆಲವು ನಿಮಿಷ ಹಿಂದಿದ್ದರೂ ಕೋರಿಕೆ ತಿರಸ್ಕೃತ, ಏಕೆಂದರೆ ಸಹಿಯೊಳಗೆ ಹೊತ್ತೂ ಸೇರಿರುತ್ತದೆ. ತನ್ನ ಪ್ರೋಗ್ರಾಂನಲ್ಲಿ ದೋಷ ಹುಡುಕಿ ಸುಸ್ತಾದ ಡೆವಲಪರ್‌ಗೆ ಗೋಡೆ ಗಡಿಯಾರ ನೋಡುವುದು ಹೊಳೆಯುವುದಾದರೂ ಹೇಗೆ?

ಕನ್ನಡದಲ್ಲಿ ಬರೆಯುವವರಿಗೆ ಈ ಸಹಿ ಇನ್ನೂ ಒಂದು ಕೈ ಮೇಲೆ. ಇಂಗ್ಲಿಷಿನ ಒಂದು ಅಕ್ಷರ ಒಂದೇ ಬೈಟ್. ಕನ್ನಡದ ‘ಕ’ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಮೂರು ಬೈಟ್. ಸಂಕೇತಕ್ಕೆ ತಿರುಗಿಸಿದಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ, ಎರಡು ಅಂಕೆಗಳಾಗುತ್ತದೆ. ಅಲ್ಲಿಗೆ ‘ಕ’ ಒಂಬತ್ತು ಚಿಹ್ನೆಗಳಾಯಿತು. ಸಹಿಯ ಸಾಲಿಗೆ ಸೇರಿಸುವಾಗ ಅದನ್ನೇ ಮತ್ತೊಮ್ಮೆ ಸಂಕೇತಕ್ಕೆ ತಿರುಗಿಸಬೇಕು. ಆಗ ಶೇಕಡಾ ಚಿಹ್ನೆಯೇ ಮೂರು ಚಿಹ್ನೆಗಳಾಗಿ ಒಡೆದು ಒಟ್ಟು ಹದಿನೈದು. ‘ಸ್ತ್ರೀ’ ಎಂದು ಬರೆದರೆ ಒಳಗೆ ಆರು ಯುನಿಕೋಡ್ ಘಟಕಗಳು, ಸಹಿಯ ಸಾಲಿನಲ್ಲಿ ತೊಂಬತ್ತು ಚಿಹ್ನೆಗಳು. ಇಷ್ಟರಲ್ಲಿ ಎಲ್ಲಾದರೂ ಲೈಬ್ರರಿಯೊಂದು ಎರಡು ಸಲದ ಬದಲು ಒಂದು ಸಲ ತಿರುಗಿಸಿದರೆ, ಅಥವಾ ದೀರ್ಘದ ಗುರುತನ್ನು ಎರಡು ತುಂಡಾಗಿ ಒಡೆದು ‘ಸರಿಪಡಿಸಿದರೆ’ (ಯುನಿಕೋಡ್‌ನಲ್ಲಿ ‘ೀ’ ಚಿಹ್ನೆಯನ್ನು ಎರಡು ರೀತಿಯಲ್ಲಿ ಬರೆಯಲು ಬರುತ್ತದೆ) ಸಹಿ ಕೂಡುವುದಿಲ್ಲ. ‘ಹಲೋ ವರ್ಲ್ಡ್’ ಎಂದು ಇಂಗ್ಲಿಷಿನಲ್ಲಿ ಟ್ವೀಟ್ ಮಾಡಿ ನೋಡಿ, ಎಲ್ಲ ಸರಿಯಿದೆ ಎಂದು ಗುರುತು ಹಾಕಿದ ಪರೀಕ್ಷಕರಿಗೆ ಈ ದೋಷ ಕಾಣುವುದೇ ಇಲ್ಲ. ಜಪಾನಿಯಲ್ಲೋ ಅರಬ್ಬಿಯಲ್ಲೋ ಕನ್ನಡದಲ್ಲೋ ಬರೆಯುವ ಒಬ್ಬರು ಪರೀಕ್ಷಕರ ಗುಂಪಿನಲ್ಲಿರಬೇಕು. ಅದು ಔದಾರ್ಯದ ಮಾತಲ್ಲ, ದೋಷ ಹಿಡಿಯುವ ಲೆಕ್ಕಾಚಾರದ ಮಾತು.

ಏಪ್ರಿಲ್ ಮಧ್ಯದಲ್ಲಿ ಟ್ವಿಟರ್ ಇನ್ನೊಂದು ಹೆಜ್ಜೆ ಇಟ್ಟಿತು. ‘ಟ್ವಿಟರ್ ಮೂಲಕ ಲಾಗಿನ್’ ಎಂಬ ಗುಂಡಿ ಹೊರಬಂತು. ಬೇರೆ ಜಾಲತಾಣಗಳು ತಮ್ಮದೇ ಖಾತೆ ವ್ಯವಸ್ಥೆ ಕಟ್ಟುವ ಗೋಜಿಲ್ಲದೆ ಟ್ವಿಟರ್ ಗುರುತನ್ನೇ ಬಳಸಬಹುದಾಯಿತು. ಬೀಟಾ ಎಂಬ ಹಣೆಪಟ್ಟಿ ಹಾಗೇ ಇತ್ತು, ಅದರ ಮೇಲೆ ಕಟ್ಟಡ ಏಳುತ್ತಿತ್ತು.

ಏಪ್ರಿಲ್ 22ರಂದು ಟ್ವಿಟರ್ ಓಆತನ್ನು ದಿಢೀರನೆ ನಿಲ್ಲಿಸಿತು.

ಕಾರಣ ಹೇಳಲಿಲ್ಲ. ಡೆವಲಪರ್‌ಗಳು ರೇಗಿದರು. ಅವರ ಆ್ಯಪ್‌ಗಳಿಗೆ ಬಂದ ಬಳಕೆದಾರರಿಗೆ ಒಳಗೆ ಹೋಗಲು ಆಗುತ್ತಿಲ್ಲ, ಏನಾಗಿದೆ ಎಂದು ಉತ್ತರ ಕೊಡಲು ಇವರಿಗೂ ಗೊತ್ತಿಲ್ಲ. ಮರುದಿನ ಓಆತ್ ಸಮುದಾಯ ಭದ್ರತಾ ಪ್ರಕಟಣೆ ಹೊರಡಿಸಿದಾಗ ಗುಟ್ಟು ರಟ್ಟಾಯಿತು: ದೋಷ ಟ್ವಿಟರ್‌ನ ಪ್ರೋಗ್ರಾಂನಲ್ಲಿರಲಿಲ್ಲ, ಓಆತ್ 1.0 ನಿಯಮಪತ್ರದಲ್ಲಿಯೇ ಇತ್ತು. ಅದೇ ನಿಯಮಪತ್ರ ನಂಬಿದ್ದ ಗೂಗಲ್, ಯಾಹೂಗಳ ಮನೆಯಲ್ಲೂ ಅದೇ ಬಿರುಕು. ಎಲ್ಲರೂ ಸಿದ್ಧರಾಗುವ ತನಕ ಬಾಯಿಬಿಡುವಂತಿರಲಿಲ್ಲ, ಬಿಟ್ಟಿದ್ದರೆ ಕಳ್ಳರಿಗೇ ದಾರಿ ತೋರಿಸಿದಂತೆ.

ದೋಷ ಏನೆಂದರೆ ಇದು. ಫೋಟೊ ಆಲ್ಬಂ ಮಾಡಿಕೊಡುವ ಒಂದು ಪ್ರಾಮಾಣಿಕ ತಾಣ ಇದೆಯೆನ್ನಿ. ಕಳ್ಳನೊಬ್ಬ ಅಲ್ಲಿ ತನ್ನ ಹೆಸರಲ್ಲಿ ಖಾತೆ ತೆರೆದು, ‘ಟ್ವಿಟರ್ ಜೋಡಿಸಿ’ ಎಂಬ ಗುಂಡಿ ಒತ್ತುತ್ತಾನೆ. ತಾಣ ಅವನನ್ನು ಟ್ವಿಟರ್‌ನ ಒಪ್ಪಿಗೆ ಪುಟಕ್ಕೆ ಕಳಿಸುತ್ತದೆ. ಅವನು ಅಲ್ಲೇ ನಿಂತು, ಆ ಪುಟದ ಕೊಂಡಿಯನ್ನು ನಕಲು ಮಾಡಿ ನಿಮಗೆ ಕಳಿಸುತ್ತಾನೆ. ನೀವು ತೆರೆದರೆ ಕಾಣುವುದು ಅಸಲಿ ಟ್ವಿಟರ್ ಪುಟ, ಅಸಲಿ ತಾಣದ ಹೆಸರು, ವಿಳಾಸಪಟ್ಟಿಯಲ್ಲಿ ಎಳ್ಳಷ್ಟೂ ಮೋಸವಿಲ್ಲ. ನಂಬಿ ‘ಅನುಮತಿಸಿ’ ಒತ್ತುತ್ತೀರಿ. ಆಗ ಕಳ್ಳ ತಾನು ಇಟ್ಟುಕೊಂಡಿದ್ದ ಮರಳುವ ವಿಳಾಸಕ್ಕೆ ಹೋಗುತ್ತಾನೆ. ಫೋಟೊ ತಾಣಕ್ಕೆ ಅನಿಸುವುದು, ಶುರು ಮಾಡಿದವನೇ ಒಪ್ಪಿಗೆ ಕೊಟ್ಟು ಮರಳಿದ್ದಾನೆ ಎಂದು. ನಿಮ್ಮ ಟ್ವಿಟರ್ ಖಾತೆ ಅವನ ಆಲ್ಬಂ ಖಾತೆಗೆ ಅಂಟಿಕೊಂಡಿತು. ದರ್ಶಿನಿಯ ಮಾತಿನಲ್ಲೇ ಹೇಳುವುದಾದರೆ, ದುಡ್ಡು ಕೊಟ್ಟವರು ನೀವು, ಹುಡುಗನೂ ಒಳ್ಳೆಯವನೇ, ಆದರೆ ಕಾಫಿ ಹೋದದ್ದು ಪಕ್ಕದ ಮೇಜಿಗೆ.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಟ್ವಿಟರ್ ಪ್ರತ್ಯೇಕವಾಗಿ ಪರೀಕ್ಷಿಸಿದರೂ ದೋಷ ಕಾಣದು, ಫೋಟೊ ತಾಣ ಪರೀಕ್ಷಿಸಿದರೂ ಕಾಣದು, ಬಳಕೆದಾರರಿಗಂತೂ ಕಾಣುವುದೇ ಇಲ್ಲ. ಮೂವರೂ ತಮ್ಮ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ದಾರಿಯಲ್ಲಿ, ಹೊರಟವರೇ ಮರಳಿದವರು ಎಂದು ಎಲ್ಲರೂ ಸುಮ್ಮನೆ ನಂಬಿಕೊಂಡದ್ದೇ ಬಿರುಕು. ಲಾಗಿನ್ ಸೌಲಭ್ಯದ ಬೀಟಾ ಬೇರೆ ಬೀಟಾಗಳಂತಲ್ಲ ಎನ್ನುವುದು ಇದಕ್ಕೇ. ಫೋಟೊಗೆ ಬಣ್ಣ ಹಚ್ಚುವ ಸೌಲಭ್ಯವಾದರೆ ಗುಂಡಿ ಒತ್ತಿದಾಗ ಬಣ್ಣ ಬಂತೇ ಎಂದು ನೋಡಿದರೆ ಮುಗಿಯಿತು. ಇಲ್ಲಿ ಬಾರದಿರಬೇಕಾದದ್ದು ಬರಲಿಲ್ಲವೇ, ಸಿಗಬಾರದವರಿಗೆ ಸಿಗಲಿಲ್ಲವೇ ಎಂದು ನೋಡಬೇಕು. ಒಳಗಿನ ಸಿಬ್ಬಂದಿಗೆ ಅಂಥ ಕಿಲಾಡಿ ಬುದ್ಧಿ ಓಡುವುದು ಕಷ್ಟ, ತಾವೇ ಕಟ್ಟಿದ್ದನ್ನು ತಾವೇ ಅನುಮಾನಿಸಬೇಕಾಗುತ್ತದೆ.

‘ಇದು ಬೀಟಾ, ನಿಲ್ಲಿಸುವ ಹಕ್ಕು ನಮಗಿದೆ’ ಎನ್ನುವುದು ಕಂಪನಿಯ ವಾದವಾದರೆ, ‘ಬೀಟಾ ಎನ್ನುವಿರಾದರೆ ಲಾಗಿನ್ ಗುಂಡಿಯನ್ನು ಊರಿಗೆಲ್ಲ ಹಂಚಿದ್ದೇಕೆ’ ಎನ್ನುವುದು ಡೆವಲಪರ್‌ಗಳ ವಾದ. ನನ್ನ ತೀರ್ಪು ಎರಡು ಭಾಗದ್ದು. ನಿಲ್ಲಿಸಿದ್ದು ಸರಿ. ಬೀಟಾ ಎಂಬ ಹಣೆಪಟ್ಟಿಗೆ ಇರುವ ಒಂದೇ ನಿಜವಾದ ಬೆಲೆ, ಮುಜುಗರವಿಲ್ಲದೆ ಬಾಗಿಲು ಮುಚ್ಚುವ ಸ್ವಾತಂತ್ರ್ಯ. ಅದನ್ನು ಬೇಕಾದಾಗ ಬಳಸದಿದ್ದರೆ ಹಣೆಪಟ್ಟಿ ಬರೀ ಅಲಂಕಾರ. ಆದರೆ ‘ಭದ್ರತೆಯ ಕಾರಣಕ್ಕೆ ನಿಲ್ಲಿಸಿದ್ದೇವೆ, ವಿವರ ನಾಳೆ ಹೇಳುತ್ತೇವೆ’ ಎಂಬ ಒಂದು ಸಾಲನ್ನಾದರೂ ಆ ಗಳಿಗೆಯಲ್ಲೇ ಹಾಕಬೇಕಿತ್ತು. ಅಷ್ಟು ಹೇಳಿದರೆ ಕಳ್ಳನಿಗೆ ಏನೂ ಸಿಗುತ್ತಿರಲಿಲ್ಲ, ರಾತ್ರಿಯೆಲ್ಲ ಕುಳಿತು ತನ್ನ ಪ್ರೋಗ್ರಾಂನಲ್ಲೇ ತಪ್ಪು ಹುಡುಕುತ್ತಿದ್ದ ಡೆವಲಪರ್‌ಗೆ ನಿದ್ದೆಯಾದರೂ ಸಿಗುತ್ತಿತ್ತು.

ತಿದ್ದುಪಡಿ ಜೂನ್‌ನಲ್ಲಿ ಬಂತು. ಹೆಸರು ಓಆತ್ 1.0ಎ. ಮರಳುವ ವಿಳಾಸವನ್ನು ಮೊದಲ ಹೆಜ್ಜೆಯಲ್ಲೇ ಸಹಿ ಹಾಕಿ ಹೇಳಬೇಕು, ನಡುವೆ ಬದಲಿಸುವಂತಿಲ್ಲ. ಒಪ್ಪಿಗೆ ಕೊಟ್ಟವರ ಬ್ರೌಸರಿಗೆ ಮಾತ್ರ ಒಂದು ಪರಿಶೀಲನಾ ಸಂಕೇತ ಸಿಗುತ್ತದೆ, ಅದಿಲ್ಲದೆ ಟೋಕನ್ ಇಲ್ಲ. ಮರಳುವ ವಿಳಾಸವೇ ಇಲ್ಲದ ಕಂಪ್ಯೂಟರ್ ಆ್ಯಪ್‌ಗಳಿಗೆ ಟ್ವಿಟರ್ ತೆರೆಯ ಮೇಲೆ ಏಳು ಅಂಕಿಯ ಪಿನ್ ತೋರಿಸಿತು; ಬಳಕೆದಾರರು ಅದನ್ನು ಕೈಯಾರೆ ಆ್ಯಪ್‌ನಲ್ಲಿ ಬರೆಯಬೇಕು. ಇಡೀ ಜಗತ್ತಿನ ತಲೆಕೆಡಿಸಿದ ದೋಷಕ್ಕೆ ಮದ್ದು ಇಷ್ಟು ಪುಟ್ಟದು.

ಹೊಸದು ಗಟ್ಟಿಯಾಯಿತು ಸರಿ, ಹಳೆಯದನ್ನು ಮುಚ್ಚುವುದು ಹೇಗೆ? ಬೀಟಾ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ, ನಿಜವಾದ ತಲೆನೋವು ಶುರುವಾಗುವುದು ಇಲ್ಲಿಂದ. ಪಾಸ್‌ವರ್ಡ್ ಕೇಳುವ ಹಳೆಯ ಪದ್ಧತಿ ಚಾಲ್ತಿಯಲ್ಲಿರುವ ತನಕ ಕಳ್ಳನಿಗೆ ಓಆತ್‌ನ ಹಂಗೇ ಇಲ್ಲ. ಟ್ವಿಟರ್ ಮೊದಲು ಆಮಿಷ ಒಡ್ಡಿತು. ಪ್ರತಿ ಟ್ವೀಟಿನ ಕೆಳಗೆ ‘ಇಂಥ ಆ್ಯಪ್‌ನಿಂದ’ ಎಂದು ಕಾಣುತ್ತಿತ್ತಲ್ಲ, ಹೊಸ ಆ್ಯಪ್‌ಗಳಿಗೆ ಆ ಗೌರವ ಓಆತ್ ಬಳಸಿದರೆ ಮಾತ್ರ. ಹಳೆಯ ಪದ್ಧತಿಯವರಿಗೆ ಗಂಟೆಗೆ 150 ಕೋರಿಕೆ, ಓಆತ್‌ನವರಿಗೆ 350. ತನ್ನ ಆ್ಯಪ್‌ನ ಹೆಸರು ಊರಿಗೆಲ್ಲ ಕಾಣಲಿ ಎಂಬ ಆಸೆ ಯಾವ ಡೆವಲಪರ್‌ಗಿಲ್ಲ? ಭದ್ರತೆಯ ಉಪದೇಶಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡಿತು ಎಂಬುದು ನನ್ನ ಊಹೆ.

ಹಳೆಯ ಬಾಗಿಲು ಮುಚ್ಚಲು 2010ರ ಜೂನ್ ಕೊನೆಯ ಗಡುವು ಇತ್ತು. ಅಷ್ಟರಲ್ಲಿ ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್ ಫುಟ್‌ಬಾಲ್ ಶುರುವಾಗಿ, ಗೋಲು ಬಿದ್ದಾಗಲೆಲ್ಲ ಟ್ವಿಟರ್ ಏದುಸಿರು ಬಿಡತೊಡಗಿತು. ಆ ಹೊತ್ತಿನಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಬೇಡವೆಂದು ಗಡುವನ್ನು ಆಗಸ್ಟ್‌ಗೆ ತಳ್ಳಿದರು. ಆಗಸ್ಟ್ 16ರಿಂದ ದಿನಕ್ಕೆ ಹತ್ತರಂತೆ ಗಂಟೆಯ ಮಿತಿಯನ್ನು ಇಳಿಸುತ್ತಾ ಬಂದರು, 31ಕ್ಕೆ ಸೊನ್ನೆ. ಒಂದೇ ಏಟಿಗೆ ಕೊಲ್ಲದೆ ಹೀಗೆ ನಿಧಾನವಾಗಿ ಹಿಚುಕಿದ್ದು ಜಾಣತನ. ಇಮೇಲ್ ಎಚ್ಚರಿಕೆ ಓದದ ಡೆವಲಪರ್ ಕೂಡ, ತನ್ನ ಆ್ಯಪ್ ದಿನದಿಂದ ದಿನಕ್ಕೆ ಕುಂಟುವುದನ್ನು ಕಂಡಾದರೂ ಎಚ್ಚೆತ್ತುಕೊಳ್ಳುತ್ತಾನೆ. ಬೀಟಾ ಶುರುವಾದಂದಿನಿಂದ ಲೆಕ್ಕ ಹಾಕಿದರೆ ಒಂದೂವರೆ ವರ್ಷ ಹಿಡಿದಿತ್ತು.

ಬೀಟಾದಲ್ಲಿ ಸಿಕ್ಕಿಬೀಳದೆ ಪಾರಾದ ದೋಷಗಳೂ ಇದ್ದವು. ಬರೆಯುವ ಅನುಮತಿ ಪಡೆದ ಆ್ಯಪ್‌ಗೆ ನಿಮ್ಮ ಖಾಸಗಿ ಸಂದೇಶಗಳೂ ಕಾಣುತ್ತಿದ್ದವು. ಟ್ವೀಟ್ ಮಾಡಲೆಂದು ಕೊಟ್ಟ ಒಪ್ಪಿಗೆಗೆ ಪತ್ರ ಓದುವ ಹಕ್ಕು ಅಂಟಿಕೊಂಡು ಬರುವುದು ಯಾವ ನ್ಯಾಯ? ಅದನ್ನು ಪ್ರತ್ಯೇಕ ಮಾಡಿದ್ದು 2011ರಲ್ಲಿ. ಕಂಪ್ಯೂಟರಿಗೆ ಇಳಿಸಿಕೊಳ್ಳುವ ಆ್ಯಪ್‌ಗಳೊಳಗೆ ಅವುಗಳ ಗುಟ್ಟಿನ ಕೀಲಿಯನ್ನು ಬಚ್ಚಿಡಲು ಸಾಧ್ಯವೇ ಇಲ್ಲ, ಪಳಗಿದವರು ಅಗೆದು ತೆಗೆಯುತ್ತಾರೆ. ಆ ತೊಡಕು ಓಆತ್ 1.0 ಇರುವ ತನಕ ಬಗೆಹರಿಯಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಬಂದ ಓಆತ್ 2.0 ಸಹಿಯ ರಗಳೆಯನ್ನೇ ಕೈಬಿಟ್ಟಿತು. ಅದಕ್ಕೆ ಮೂರು ತಿಂಗಳ ಮೊದಲು ಎರಾನ್ ಹ್ಯಾಮರ್ ಸಿಟ್ಟಿನಿಂದ ಹೊರನಡೆದು ತಮ್ಮ ಹೆಸರನ್ನೇ ಆ ನಿಯಮಪತ್ರದಿಂದ ತೆಗೆಸಿದ್ದು ಇನ್ನೊಂದು ಕತೆ.

ಮುಂದಿನ ಪಾಠಗಳು ದುಬಾರಿಯಾದವು. 2017ರ ಮೇ 3ರಂದು ಯಾರೋ ‘ಗೂಗಲ್ ಡಾಕ್ಸ್’ ಎಂದೇ ಹೆಸರಿಟ್ಟು ಒಂದು ಆ್ಯಪ್ ನೋಂದಾಯಿಸಿ, ಜನರಿಂದ ಇಮೇಲ್ ಓದುವ ಒಪ್ಪಿಗೆ ಕೇಳಿದರು. ಒಪ್ಪಿಗೆ ಪುಟ ಅಸಲಿ, ಗೂಗಲ್‌ನದೇ. ಒಪ್ಪಿದವರ ಪರಿಚಿತರಿಗೆಲ್ಲ ಅದೇ ಆಹ್ವಾನ ಹೋಗಿ, ಸುಮಾರು ಒಂದು ಗಂಟೆಯೊಳಗೆ ಗೂಗಲ್ ಅದನ್ನು ತಡೆಯುವಷ್ಟರಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತ್ತು. ಬಳಿಕ ಗೂಗಲ್ ಬಿಗಿ ಮಾಡಿತು. ಈಗ ಅಲ್ಲಿ ‘ಪರೀಕ್ಷೆ’ಯ ಹಂತದಲ್ಲಿರುವ ಆ್ಯಪ್‌ಗೆ ಮೊದಲೇ ಹೆಸರಿಸಿದ 100 ಬಳಕೆದಾರರಷ್ಟೇ ಮಿತಿ, ಅವರ ಒಪ್ಪಿಗೆಯೂ ಸಾಮಾನ್ಯವಾಗಿ ಏಳು ದಿನಕ್ಕೆ ಮುಗಿಯುತ್ತದೆ. ಡೆವಲಪರ್‌ಗಳು ಇದನ್ನು ಬೈಯುತ್ತಾರೆ, ಆದರೆ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯುತ್ತಮ ಬೀಟಾ ನಿಯಮವಿದು. ಪರೀಕ್ಷೆಗೆಂದು ಕೊಟ್ಟ ಟೋಕನ್ ವರ್ಷಗಟ್ಟಲೆ ಯಾರದೋ ಸರ್ವರ್‌ನಲ್ಲಿ ಬಿದ್ದಿರುವಂತಿಲ್ಲ. ಟ್ವಿಟರ್‌ನ 2009ರ ಟೋಕನ್‌ಗಳಿಗೆ ಅವಧಿಯೇ ಇರಲಿಲ್ಲ.

ಬೀಟಾ ಎಷ್ಟೇ ದೊಡ್ಡದಿರಲಿ, ಎಲ್ಲವೂ ಸಿಗುವುದಿಲ್ಲ. ಆ್ಯಪಲ್ ತನ್ನ ಲಾಗಿನ್ ಸೌಲಭ್ಯವನ್ನು 2019ರ ಜೂನ್‌ನಲ್ಲಿ ಘೋಷಿಸಿ, ಡೆವಲಪರ್‌ಗಳಿಂದ ಪರೀಕ್ಷೆ ಮಾಡಿಸಿ, ಆ ಶರತ್ಕಾಲದಲ್ಲಿ ಜನರ ಕೈಗಿತ್ತಿತು. ಮರುವರ್ಷ ಏಪ್ರಿಲ್‌ನಲ್ಲಿ ಭಾರತದ ಭದ್ರತಾ ಸಂಶೋಧಕ ಭಾವುಕ್ ಜೈನ್ ಕಂಡುಹಿಡಿದರು: ಯಾರ ಇಮೇಲ್ ವಿಳಾಸ ಕೊಟ್ಟು ಕೇಳಿದರೂ ಆ್ಯಪಲ್ ಸಹಿ ಹಾಕಿದ ಅಸಲಿ ಟೋಕನ್ ಸಿಗುತ್ತಿತ್ತು. ಬೇರೆ ರಕ್ಷಣೆಯಿಲ್ಲದ ಆ್ಯಪ್‌ಗಳಲ್ಲಿ ಅದರಿಂದ ಇನ್ನೊಬ್ಬರ ಖಾತೆಗೇ ನುಗ್ಗಬಹುದಿತ್ತು. ಆ್ಯಪಲ್ ಸರಿಪಡಿಸಿ ಅವರಿಗೆ ಒಂದು ಲಕ್ಷ ಡಾಲರ್ ಬಹುಮಾನ ಕೊಟ್ಟಿತು. ಪರೀಕ್ಷಕರ ಪಟ್ಟಿಯಲ್ಲಿಲ್ಲದ ಹೊರಗಿನವರಿಗೂ ದೋಷ ಹೇಳಲು ಒಂದು ಕಿಟಕಿ, ಹೇಳಿದವರಿಗೆ ಪ್ರತಿಫಲ, ಎರಡೂ ಬೀಟಾ ಮುಗಿದ ಮೇಲೂ ತೆರೆದಿರಬೇಕು.

ನಮ್ಮಲ್ಲಿ ಈ ವಿಷಯ ಈಗ ಬರೀ ಟ್ವೀಟಿನ ಮಟ್ಟದಲ್ಲಿಲ್ಲ. ಸಾಲ ಕೊಡುವ ಸಂಸ್ಥೆಗೆ ಬ್ಯಾಂಕ್ ವಿವರ ತೋರಿಸಲು ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಕೊಡುವ ಅಪಾಯಕ್ಕೆ ಪರ್ಯಾಯವಾಗಿ ರಿಸರ್ವ್ ಬ್ಯಾಂಕ್ 2016ರಲ್ಲಿ ‘ಅಕೌಂಟ್ ಅಗ್ರಿಗೇಟರ್’ ನಿಯಮಗಳನ್ನು ತಂದಿತು; 2021ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಬ್ಯಾಂಕುಗಳೊಂದಿಗೆ ಅದು ಸಾರ್ವಜನಿಕವಾಗಿ ಚಾಲನೆ ಪಡೆಯಿತು. ಯಾರಿಗೆ, ಏನನ್ನು, ಎಷ್ಟು ದಿನ, ಯಾವ ಉದ್ದೇಶಕ್ಕೆ ಎಂದು ನಮೂದಿಸಿದ ಒಪ್ಪಿಗೆಯೇ ಅದರ ಜೀವಾಳ. ಇಂಥ ವ್ಯವಸ್ಥೆಗಳನ್ನು ಬರೆಯುವ, ಪರೀಕ್ಷಿಸುವ ಕೈಗಳಲ್ಲಿ ಬೆಂಗಳೂರಿನವು ಕಮ್ಮಿಯೇನಲ್ಲ. ಆದರೆ ಅಲ್ಲಿನ ಕಚೇರಿಗಳಲ್ಲಿ ಕುಳಿತು ಕಲ್ಪಿಸಿಕೊಳ್ಳುವ ಬಳಕೆದಾರನಿಗೆ ಒಂದು ಸ್ವಂತ ಫೋನ್, ಒಂದು ಬ್ರೌಸರ್, ಇಂಗ್ಲಿಷ್ ಓದುವ ಕಣ್ಣು ಇರುತ್ತದೆ. ಹಳ್ಳಿಯ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ನೋಡಿ. ಅರ್ಜಿ ಅಜ್ಜಿಯದು, ಫೋನ್ ಮೊಮ್ಮಗನದು, ಕಂಪ್ಯೂಟರ್ ಕೇಂದ್ರದವರದು, ಒಟಿಪಿಯನ್ನು ಗಟ್ಟಿಯಾಗಿ ಓದಿ ಹೇಳುವವರು ಇನ್ಯಾರೋ. ಹೊರಟವರೇ ಮರಳಿದವರು ಎಂಬ ನಂಬಿಕೆ 2009ರಲ್ಲಿ ಹೇಗೆ ಮುರಿದುಬಿತ್ತೋ, ಒಪ್ಪಿದವರೇ ಗುಂಡಿ ಒತ್ತಿದವರು ಎಂಬ ನಂಬಿಕೆ ಇಲ್ಲಿ ದಿನವೂ ಮುರಿಯುತ್ತದೆ. ಕೇಂದ್ರದ ಆ ಹಂಚಿಕೊಂಡ ಕಂಪ್ಯೂಟರಿನಲ್ಲಿ ಹಿಂದಿನವರ ಲಾಗಿನ್ ಇನ್ನೂ ಜೀವಂತವಿರುವಾಗ ಮುಂದಿನವರು ‘ಅನುಮತಿಸಿ’ ಒತ್ತಿದರೆ ಏನಾಗುತ್ತದೆ? ಯಾವುದಾದರೂ ಬೀಟಾದ ಪಟ್ಟಿಯಲ್ಲಿ ಈ ಪ್ರಶ್ನೆ ಇಲ್ಲದಿದ್ದರೆ, ಆ ಬೀಟಾ ಇನ್ನೂ ಮುಗಿದಿಲ್ಲವೆಂದೇ ಅರ್ಥ.

ಹಾಗಾಗಿ ಇದನ್ನು ಓದುತ್ತಿರುವ ಡೆವಲಪರ್‌ಗಳಲ್ಲಿ ಒಂದು ಕೋರಿಕೆ. ಹೊಸ ಲಾಗಿನ್ ಸೌಲಭ್ಯವೊಂದರ ಬೀಟಾ ಆಹ್ವಾನ ಬಂದಾಗ ‘ಅನುಮತಿಸಿ’ ಒತ್ತಿ ಚೆನ್ನಾಗಿದೆ ಎಂದು ಬರೆದು ಕಳಿಸಬೇಡಿ, ಅದನ್ನು ಅವರೇ ನೂರು ಸಲ ಮಾಡಿ ನೋಡಿರುತ್ತಾರೆ. ಮೊದಲು ‘ನಿರಾಕರಿಸಿ’ ಒತ್ತಿ. ಅರ್ಧದಲ್ಲಿ ಹಿಂದಕ್ಕೆ ಹೋಗಿ. ಎರಡು ಖಾತೆಗಳಲ್ಲಿ ಒಟ್ಟಿಗೆ ತೆರೆಯಿರಿ, ಕೊಂಡಿಯನ್ನು ಗೆಳೆಯರ ಫೋನಿಗೆ ಕಳಿಸಿ ಅಲ್ಲಿಂದ ಒಪ್ಪಿಸಿ ನೋಡಿ, ಕೊಟ್ಟ ಒಪ್ಪಿಗೆಯನ್ನು ರದ್ದು ಮಾಡಿ ಆ್ಯಪ್ ನಿಜಕ್ಕೂ ಹೊರಬಿತ್ತೇ ಎಂದು ಪರೀಕ್ಷಿಸಿ, ನಿಮ್ಮ ಹೆಸರನ್ನು ಒತ್ತಕ್ಷರ ಸಮೇತ ಕನ್ನಡದಲ್ಲಿ ಬರೆಯಿರಿ. ಏನಾದರೂ ಮುರಿದರೆ ಎಲ್ಲರೆದುರು ಕೂಗುವ ಮೊದಲು ಅವರಿಗೆ ತಿಳಿಸಿ, ಸರಿಪಡಿಸಲು ತಕ್ಕ ಸಮಯ ಕೊಡಿ. ಅಷ್ಟಾದ ಮೇಲೂ ಅವರು ಕಿವಿಗೊಡದಿದ್ದರೆ, ನಿಮ್ಮ ಬಳಕೆದಾರರನ್ನು ಆ ಬಾಗಿಲಿನಿಂದ ಒಳಗೆ ಕಳಿಸಬೇಡಿ.